ಕಾಂಡಕೊರಕದ ಎರಡು ಪುಟ

ಕಾಫಿ ಗಿಡ ಕೊಲ್ಲುವ ಕಾಂಡಕೊರಕ ಹುಳದ ಬಗ್ಗೆ ವಿಜ್ಞಾನಿಯೊಬ್ಬರು ಇಂಗ್ಲಿಷಿನಲ್ಲಿ ಬರೆದಿದ್ದ ಎರಡು ಪುಟಗಳನ್ನು ತೋಟದ ಕೆಲಸದವರಿಗೆಂದು ಕನ್ನಡಕ್ಕೆ ತಂದಿದ್ದೆ. ಗೋಣಿಬೀಡಿನ ಹತ್ತಿರದ ಎಸ್ಟೇಟಿನಲ್ಲಿ ಮೇಸ್ತ್ರಿ ಗಿರಿಜಮ್ಮನಿಗೆ ಹೆಮ್ಮೆಯಿಂದಲೇ ಓದತೊಡಗಿದೆ. 'ತೊಗಟೆಯ ಮೇಲ್ಮೈಯಲ್ಲಿ ಗೋಚರಿಸುವ ಉಬ್ಬುಗೆರೆಗಳು' ಎನ್ನುವಷ್ಟರಲ್ಲಿ ಅವರು ಎದ್ದೇಬಿಟ್ಟರು.

"ಕೂತು ಓದಿದ್ರೆ ಹುಳ ಸಿಗುತ್ತಾ ಮಾರಾಯ್ರೆ? ಬನ್ನಿ."

ಒಂದು ಗಿಡದ ಕಾಂಡದ ಮೇಲೆ ನನ್ನ ಹೆಬ್ಬೆರಳು ಇಟ್ಟು ಸವರಿಸಿದರು. ತೊಗಟೆಯಡಿ ಹಗ್ಗ ಹಾದಂತೆ ಉಬ್ಬಿತ್ತು.

"ಕೈಗೆ ಹೀಗೆ ಸಿಕ್ಕಿದ್ರೆ ಒಳಗೆ ಹುಳ ಇದೆ ಅಂತ್ಲೇ. ಗಿಡ ಕಿತ್ತು ಸುಟ್ಬಿಡಿ. ಇಲ್ದಿದ್ರೆ ಪಕ್ಕದ್ದೂ ಹೋಗುತ್ತೆ."

ನನ್ನ ಎರಡು ಪುಟ ಮಡಚಿಟ್ಟು ಅವರ ಮಾತನ್ನೇ ಬರೆದುಕೊಂಡೆ. ಆ ಎರಡು ಪುಟ ಬರೆದಿದ್ದ ವಿಜ್ಞಾನಿಗೆ ಅದನ್ನು ತೋರಿಸಿದಾಗ ಅವರಿಗೆ ಬಹಳ ಖುಷಿಯಾಯಿತು.

"ಎಷ್ಟು ಸ್ಪಷ್ಟವಾಗಿದೆ! ಇದನ್ನ ಇಂಗ್ಲಿಷಿಗೆ ಮಾಡಿಕೊಡ್ತೀರಾ?"

ಇದನ್ನೇ ಇಂಗ್ಲಿಷಿನಲ್ಲಿ ಮೊದಲು ಬರೆದವರು ಅವರೇ ಎಂದು ನೆನಪಿಸಲು ನಾನು ಹೋಗಲಿಲ್ಲ.