ಆನೆಗೆ ಹೊಡೆದ ಬಣ್ಣ

ಆ ಮರದ ಆನೆಯನ್ನು ನಾನು ಕೊಂಡದ್ದು ಆರ್.ಟಿ. ನಗರದ ಸೆಕೆಂಡ್‌ಹ್ಯಾಂಡ್ ಸಾಮಾನಿನ ಅಂಗಡಿಯೊಂದರಲ್ಲಿ. ಪುಸ್ತಕದ ಕಪಾಟು ಹುಡುಕಿಕೊಂಡು ಹೋದವಳು ಕಪಾಟು ಬಿಟ್ಟು ಆನೆ ಹಿಡಿದುಕೊಂಡು ಬಂದೆ. ನಾಲ್ಕು ಗಾಲಿ, ಎಳೆಯಲು ದಾರ, ಮೈತುಂಬ ಕೆಂಪು ಬಣ್ಣ. ‘ಚನ್ನಪಟ್ಟಣದ್ದು ಮೇಡಂ, ಹಳೇ ಕಾಲದ್ದು,’ ಎಂದಿದ್ದರು ಅಂಗಡಿಯವರು. ಪ್ಲಾಸ್ಟಿಕ್ಕಿಗಿಂತ ಮರ ಒಳ್ಳೆಯದು, ಚನ್ನಪಟ್ಟಣದವರು ಹಾಕುವುದು ಅರಗಿನ ಬಣ್ಣ, ಮಕ್ಕಳು ಬಾಯಿಗಿಟ್ಟರೂ ಏನೂ ಆಗುವುದಿಲ್ಲ ಎಂದುಕೊಂಡೆ. ಮಗಳಿಗೆ ಆಗ ಒಂದೂವರೆ ವರ್ಷ. ಅವಳು ಆನೆಯನ್ನು ಎಳೆದದ್ದಕ್ಕಿಂತ ಕಚ್ಚಿದ್ದೇ ಹೆಚ್ಚು. ಸೊಂಡಿಲನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದಳು.

ಕೆಲವು ತಿಂಗಳಲ್ಲಿ ಅವಳ ಮಾತು ಕಡಿಮೆಯಾಗುತ್ತಾ ಬಂತು. ಅಮ್ಮ, ತಾತ, ಬೌಬೌ ಎನ್ನುತ್ತಿದ್ದವಳು ಒಂದೊಂದನ್ನೇ ಬಿಟ್ಟಳು. ಊಟ ಸೇರದು. ಹೊಟ್ಟೆ ಹಿಡಿದುಕೊಂಡು ಅಳುವಳು. ಅತ್ತೆ ಬಂದು ದೃಷ್ಟಿ ತೆಗೆದು ಹೋದರು. ಕೊನೆಗೆ ಹೆಬ್ಬಾಳದ ಮಕ್ಕಳ ಡಾಕ್ಟರ್ ರಕ್ತ ಪರೀಕ್ಷೆ ಬರೆದರು. ವರದಿ ಬಂದ ಮೇಲೆ ಆಕೆ ನಮ್ಮಿಬ್ಬರನ್ನೂ ಕರೆಸಿದರು.

‘ರಕ್ತದಲ್ಲಿ ಸೀಸ ಇದೆ, ಲೆಡ್. ತುಂಬಾ ಜಾಸ್ತಿ ಇದೆ. ಎಲ್ಲಿಂದ ಒಳಗೆ ಹೋಗ್ತಿದೆ ಅಂತ ಹುಡುಕ್ಬೇಕು. ಅದು ಸಿಗೋವರ್ಗೂ ಮಗೂನ ಆ ಮನೇಲಿ ಇಟ್ಕೋಬೇಡಿ.’

‘ಮಾತು ವಾಪಸ್ ಬರುತ್ತಾ ಡಾಕ್ಟ್ರೇ?’

‘ಮೊದಲು ಒಳಗೆ ಹೋಗೋದು ನಿಲ್ಲಲಿ.’

ಗಂಡ ಮಗಳನ್ನು ಎತ್ತಿಕೊಂಡು ಯಶವಂತಪುರದ ನನ್ನ ಅಕ್ಕನ ಮನೆಗೆ ಹೋದರು. ಕೊಡಿಗೇಹಳ್ಳಿಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಉಳಿದು ಹುಡುಕತೊಡಗಿದೆ. ಕಾಡಿಗೆ, ಅರಿಶಿನ, ಕಿಟಕಿಯ ಪೇಂಟು, ನಲ್ಲಿ, ಹಾಲು ಕಾಯಿಸುವ ಪಾತ್ರೆ. ಯಾವುದನ್ನು ಮುಟ್ಟಿದರೂ ಇದೇ ಇರಬಹುದು ಅನ್ನಿಸುತ್ತಿತ್ತು. ಆನೆಯ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅದಿಲ್ಲದೆ ಮಗು ಮಲಗುತ್ತಿಲ್ಲ, ತೊಳೆದು ತಂದುಕೊಡು ಎಂದು ಅಕ್ಕ ಫೋನು ಮಾಡಿದಳು. ನಲ್ಲಿಯ ಕೆಳಗೆ ಹಿಡಿದು ಉಜ್ಜುವಾಗ ಬಾಲದ ಹತ್ತಿರ ಒಂದು ಚಕ್ಕೆ ಎದ್ದು ಬಂತು. ಕೆಂಪಿನ ಕೆಳಗೆ ಇನ್ನೊಂದು ಕೆಂಪು, ಅದರ ಕೆಳಗೆ ಮತ್ತೊಂದು, ಈರುಳ್ಳಿ ಸಿಪ್ಪೆಯ ಹಾಗೆ. ಎಲ್ಲಕ್ಕಿಂತ ಅಡಿಯಲ್ಲಿ, ಮರಕ್ಕೆ ಅಂಟಿಕೊಂಡಂತೆ, ತೆಳುವಾದ ಹಳದಿ ಅರಗು. ಚನ್ನಪಟ್ಟಣದ್ದು ಅದೊಂದೇ; ಮೇಲಿನ ಕೆಂಪೆಲ್ಲ ಯಾರೋ ಆಮೇಲೆ ಬಳಿದ ಪೇಂಟು.

ಆನೆಯನ್ನು ಪರೀಕ್ಷೆಗೆ ಕೊಟ್ಟೆವು. ಫಲಿತಾಂಶಕ್ಕೆ ಕಾಯಬೇಕು ಎಂದರು. ಕಾಯುವ ಶಕ್ತಿ ನನ್ನಲ್ಲಿರಲಿಲ್ಲ. ಆನೆ ಯಾರ ಮನೆಯದೆಂದು ಕೇಳಲು ನೇರವಾಗಿ ಅಂಗಡಿಗೆ ಹೋದೆ.

‘ವಾಪಸ್ ತಗೊಳಲ್ಲ ಅಮ್ಮಾ ನಾವು,’ ಎಂದರು ಅಂಗಡಿಯವರು. ವಿಷಯ ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅವರು ಸ್ಟೂಲು ಎಳೆದು ಕೂರಿಸಿ, ಟೀ ತರಿಸಿ, ಬಹಳ ಹೊತ್ತು ಯೋಚಿಸಿದರು. ‘ಯಲಹಂಕ ಓಲ್ಡ್ ಟೌನು. ಮನೆ ಒಡೆದು ಫ್ಲ್ಯಾಟ್ ಕಟ್ತಾರೆ ಅಂತ ಸಾಮಾನು ಕೊಟ್ರು. ಮಂಚ, ಹೊಲಿಗೆ ಮಿಷಿನ್ನು, ಅದರ ಜೊತೇಲಿ ಈ ಆನೆ. ಒಬ್ಬರು ಅಜ್ಜಿ ಇದಾರೆ. ನಾನು ಫೋನ್ ಮಾಡಿ ಹೇಳ್ತೀನಿ, ಹೋಗಿ.’

ಆ ಮನೆ ಅರ್ಧ ಖಾಲಿಯಾಗಿತ್ತು. ಅಜ್ಜಿ ಚಾಪೆ ಹಾಸಿ ಕೂರಿಸಿದರು. ಆನೆಯ ಬಗ್ಗೆ ಯಾರೋ ಕೇಳಿಕೊಂಡು ಬಂದರಲ್ಲ ಎಂದು ಅವರಿಗೆ ಸಂತೋಷವೇ ಆಗಿತ್ತು.

‘ನಮ್ಮೆಜಮಾನ್ರು ಚನ್ನಪಟ್ಣದಿಂದ ತಂದಿದ್ದು ಕಣವ್ವ, ಮಗ ಹುಟ್ಟಿದ್ ವರ್ಸ. ಕಾರ್ಖಾನೇಲಿ ಪೇಂಟಿಂಗ್ ಸೆಕ್ಸನ್ನಾಗೆ ಇದ್ರು. ಮಗ ಜೊಲ್ಲು ಸುರ್ಸಿ ಸುರ್ಸಿ ಬಣ್ಣ ಓಯ್ತು. ಉಳ್ದಿದ್ ಬಣ್ಣ ತಂದು ಒಂದು ಕೋಟ್ ಒಡುದ್ರು. ಆಮೇಕೆ ಪ್ರತಿ ಆಯುಧಪೂಜೆಗೂ ಒಡೆಯೋರು. ಸೈಕಲ್ಗೆ ಪೂಜೆ ಮಾಡಿದ್ರೋ ಇಲ್ವೋ, ಆನೆಗೆ ಮಾತ್ರ ಬಣ್ಣ ಆಗ್ಲೇಬೇಕು.’

‘ಅವರೂ ಕಚ್ಚುತ್ತಿದ್ರಾ ಅಮ್ಮ, ನಿಮ್ಮ ಮಗ?’

‘ಊ ಮತ್ತೆ. ಸೊಂಡ್ಲು ಬಾಯಾಗೇ ಇರೋದು.’

ಆಗ ಒಳಗಿನಿಂದ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ನಲವತ್ತು ದಾಟಿದ ಗಂಡಸು. ತಲೆಗೆ ಎಣ್ಣೆ ಹಚ್ಚಿ ಬಾಚಿದೆ, ಗಡ್ಡ ಚೆನ್ನಾಗಿ ಬೋಳಿಸಿದೆ. ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನನ್ನೇ ನೋಡಿದರು. ಅಜ್ಜಿ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

‘ಇವ್ನೇ. ಎಲ್ಡು ವರ್ಸದ್ ಗಂಟ ಪಟಪಟ ಅಂತ ಮಾತಾಡ್ತಿದ್ದ. ಆಮೇಕೆ ನಿಂತೋಯ್ತು. ನಾನು ಬಸುರೀಲಿ ಗ್ರಹಣದಾಗೆ ಆಚೆ ಬಂದಿದ್ದೆ ಅಂತ ನಮ್ಮತ್ತೆ ಸಾಯೋಗಂಟ ಅಂದ್ರು. ಬಂದಿದ್ದು ದಿಟ ಕಣವ್ವ. ಬಟ್ಟೆ ಎತ್ಕೊಳಕ್ಕೆ.’

ಎದ್ದು ಹೊರಡಬೇಕು ಎಂದುಕೊಂಡೆ.

‘ಇದೆಲ್ಲಾ ಯಾಕೆ ಕೇಳ್ತಾ ಇದ್ದೀರವ್ವ?’

ಸುಳ್ಳು ಹೇಳಬಹುದಿತ್ತು. ಆದರೆ ಎಷ್ಟೋ ದಿನದಿಂದ ನಿದ್ದೆ ಇಲ್ಲದವಳಿಗೆ ಸುಳ್ಳು ಕಟ್ಟುವಷ್ಟು ತ್ರಾಣ ಇರಲಿಲ್ಲ. ಮಗಳ ಮಾತು ನಿಂತದ್ದು, ರಕ್ತದಲ್ಲಿ ಸೀಸ ಕಂಡದ್ದು, ಬಣ್ಣವನ್ನು ಪರೀಕ್ಷೆಗೆ ಕೊಟ್ಟದ್ದು ಎಲ್ಲ ಹೇಳಿದೆ. ನಿಮ್ಮ ಮಗನಿಗೂ ಅದರಿಂದಲೇ ಆಯಿತೋ ಏನೋ ನನಗೆ ಗೊತ್ತಿಲ್ಲ ಎಂದೂ ಹೇಳಿದೆ.

ಅಜ್ಜಿ ಗೋಡೆಯ ಮೇಲಿದ್ದ ಗಂಡನ ಫೋಟೋದ ಕಡೆ ನೋಡಲಿಲ್ಲ, ಅಳಲೂ ಇಲ್ಲ. ಮಗನ ಅಂಗಿಯ ತುದಿಯನ್ನು ಬಿಡಿಸಿ ನೇರ ಮಾಡಿದರು.

‘ನಿಮ್ ಡಾಕ್ಟ್ರು ಔಸ್ದಿ ಕೊಡ್ತಾರಲ್ಲ, ನಿಮ್ ಮಗೀಗೆ. ಇವ್ನಿಗೂ ಕೊಡ್ತಾರಾ ಕೇಳ್ತೀಯಾ ತಾಯಿ?’

ಕೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಬಣ್ಣದ ತುಂಬ ಸೀಸವಿದೆ ಎಂದು ಫಲಿತಾಂಶ ಬಂತು. ಮಗಳನ್ನು ಮನೆಗೆ ಕರೆತಂದೆವು, ಔಷಧ ಶುರುವಾಯಿತು. ಅಜ್ಜಿಯ ಮಗನ ಬಗ್ಗೆ ಕೇಳಿದಾಗ ಡಾಕ್ಟರ್ ಇಲ್ಲವೆಂದು ತಲೆಯಾಡಿಸಿದರು. ‘ಇಷ್ಟು ವರ್ಷ ಆದ್ಮೇಲೆ ಅದರಿಂದಾನೇ ಅಂತ ಹೇಳೋಕಾಗಲ್ಲ. ಆಗಿದ್ರೂ, ಈಗ ಸರಿ ಮಾಡೋಕಾಗಲ್ಲ.’ ಅದನ್ನು ಅಜ್ಜಿಗೆ ತಿಳಿಸಬೇಕೆಂದು ಎಷ್ಟೋ ಸಲ ಫೋನು ಎತ್ತಿಕೊಂಡು ಇಟ್ಟುಬಿಟ್ಟೆ.

ವಾರಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮಗಳು ಲೋಟ ತೋರಿಸಿ ‘ನೀರು’ ಎಂದಳು. ನಾನೂ ಗಂಡನೂ ಅಡುಗೆಮನೆಯಲ್ಲೇ ನಿಂತು ಅತ್ತೆವು. ಅದೇ ದಿನ ಮಧ್ಯಾಹ್ನ ಅಜ್ಜಿಯೇ ಫೋನು ಮಾಡಿದರು. ನಂಬರನ್ನು ಅಂಗಡಿಯವರಿಂದ ಇಸಕೊಂಡಿದ್ದರಂತೆ. ಡಾಕ್ಟರ್ ಹೇಳಿದ್ದನ್ನು ಹೇಳಿದೆ.

‘ಓಗ್ಲಿ ಬಿಡು. ನಿನ್ ಮಗಳು ಮಾತಾಡಿದ್ಲಾ?’

ಹೂಂ ಎಂದೆ, ಅಷ್ಟೇ.

‘ಯೋಳು ತಾಯಿ, ಪರ್ವಾಗಿಲ್ಲ. ಏನಂದ್ಲು?’

‘ನೀರು ಅಂದ್ಲು ಅಮ್ಮ.’

ಅವರು ಫೋನನ್ನು ಪಕ್ಕಕ್ಕಿಟ್ಟ ಸದ್ದಾಯಿತು. ಆಮೇಲೆ ದೂರದಿಂದ ಅವರ ದನಿ ಕೇಳಿಸಿತು. ‘ನೀರು ಅನ್ನು ಮಗಾ. ನೀರು. ಒಂದ್ ಕಿತ ಅನ್ನು. ನೀರು.’ ಬಹಳ ಹೊತ್ತು ಹಾಗೇ ಹೇಳುತ್ತಿದ್ದರು. ಕಾಲ್ ಕಟ್ ಮಾಡಲು ನನ್ನಿಂದ ಆಗಲಿಲ್ಲ.