ಗಾಳಿಮಳೆಯ ಕರೆಂಟು

ಕಾಪು ಹೆದ್ದಾರಿಯಲ್ಲಿ ಇಪ್ಪತ್ತು ವರ್ಷ ಬಸ್ಸುಗಳ ಬ್ಯಾಟರಿ ರಿಪೇರಿ ಮಾಡಿದ ಕಜೆಟನ್ ಊರಿಗೆಲ್ಲ ಪೊರ್ಬು, ಕ್ರಿಸ್ತರನ್ನು ಇಲ್ಲಿ ಕರೆಯುವುದೇ ಹಾಗೆ. ೧೯೮೬ರಲ್ಲಿ ಅವನಿಗೆ ಮಟ್ಟುವಿನ ಸರಕಾರಿ ಶೆಡ್ಡು ಕಾಯುವ ಕೆಲಸ ಸಿಕ್ಕಿತು. ಶೆಡ್ಡೆಂದರೆ ಅದೊಂದು ವಿಚಿತ್ರ. ಮಾಡಿನ ಮೇಲೆ ಒಂದು ಇಲಾಖೆಯ ಸೌರ ಫಲಕ, ಪಕ್ಕದಲ್ಲಿ ಇನ್ನೊಂದು ಇಲಾಖೆಯ ಗಾಳಿಯಂತ್ರ. ಒಳಗೆ ಬ್ಯಾಟರಿಗಳೂ ಬೇರೆ ಬೇರೆ, ನಡುವೆ ಸುಣ್ಣದ ಗೆರೆ! ಲೈನ್ ಕಂಬ ಬಾರದ ಹದಿನೆಂಟು ಮನೆಗಳಲ್ಲಿ ಅರ್ಧಕ್ಕೆ ಬಿಸಿಲಿನ ದೀಪ, ಅರ್ಧಕ್ಕೆ ಗಾಳಿಯ ದೀಪ.

ಮರುವರ್ಷ ಮಳೆ ಹಿಡಿದ ವಾರದಲ್ಲೇ ಬಿಸಿಲಿನ ಮನೆಗಳು ಕತ್ತಲಾದವು. ಗಾಳಿಯಂತ್ರವೋ, ತನ್ನ ಬ್ಯಾಟರಿ ತುಂಬಿದ ಮೇಲೂ ಸುಮ್ಮನೆ ತಿರುಗುತ್ತಿತ್ತು.

ಬೀಡಿ ಕಟ್ಟಿ ಮನೆ ನಡೆಸುವ ಝೈನಬಕ್ಕ ಶೆಡ್ಡಿಗೇ ಬಂದಳು. "ಎಂತ ಪೊರ್ಬುಗಳೇ, ಆಚೆ ಮನೆಯಲ್ಲಿ ಬೆಳಕು ಉಂಟು, ನಮಗೆ ಯಾಕಿಲ್ಲ?"

ಸುಣ್ಣದ ಗೆರೆ ಅಡ್ಡ ಬಂತು ಎಂದು ಹೇಳಲು ಕಜೆಟನ್‌ಗೆ ನಾಚಿಕೆಯಾಯಿತು. ಆ ದಿನವೇ ಎರಡೂ ಕಡೆಯ ಬ್ಯಾಟರಿಗಳನ್ನು ಒಂದೇ ತಂತಿಗೆ ಜೋಡಿಸಿದ. ಹದಿನೆಂಟು ಮನೆಗಳಲ್ಲೂ ದೀಪ ಹತ್ತಿತು, ಮಳೆಗಾಲವಿಡೀ ಆರಲಿಲ್ಲ. ಹೀಗೇ ಊರೂರಿನ ಗಾಳಿ ಬಿಸಿಲು ಕೂಡಿಸಿದರೆ ದೂರದ ಉಚ್ಚಿಲದವರೆಗೂ ಕರೆಂಟು ಕೊಡಬಹುದು ಎಂದು ಅವನಿಗೆ ಆಸೆಯೂ ಹುಟ್ಟಿತು.

ಸೆಪ್ಟೆಂಬರಿನಲ್ಲಿ ಎರಡೂ ಇಲಾಖೆಗಳ ಅಧಿಕಾರಿಗಳು ಬಂದರು, ಒಂದೇ ಜೀಪಿನಲ್ಲಿ. ಜೀಪು ಹಂಚಿಕೊಳ್ಳಲು ಮಾತ್ರ ಅವರಿಗೆ ಯಾವ ಗೆರೆಯೂ ಅಡ್ಡ ಬರಲಿಲ್ಲ.

"ಈ ಬಲ್ಬು ಉರಿಯುವುದು ಯಾರ ಕರೆಂಟಿನಲ್ಲಿ?" ಬಿಸಿಲಿನ ಅಧಿಕಾರಿ ಕೇಳಿದ.

"ಇಬ್ಬರದ್ದೂ ಸರ್. ನಮ್ಮಲ್ಲಿ ಗಾಳಿಮಳೆ ಅಂತ ಒಂದೇ ಶಬ್ದ. ಮಳೆ ಬಂದು ಬಿಸಿಲು ಹೋಯಿತೋ, ಗಾಳಿ ಬಂತು. ಬೇರೆ ಮಾಡುವುದು ಯಾಕೆ, ಅಲ್ವಾ?"

"ಅಲ್ವಾ ಗಿಲ್ವಾ ಬೇಡ. ಫೈಲು ಎರಡು."

ಅವನ ಕೈಯಲ್ಲೇ ತಂತಿ ಬಿಚ್ಚಿಸಿದರು, ಕೆಲಸದಿಂದಲೂ ತೆಗೆದರು. ಮೂರು ತಿಂಗಳು ಊರಿಗೆ ಬೆಳಕು ಕೊಟ್ಟವನಿಗೆ ಸಿಕ್ಕಿದ ಬಿರುದು, ಸರಕಾರಿ ಸೊತ್ತು ಕೆಡಿಸಿದವ! ಡಿಸೆಂಬರಿನಲ್ಲಿ ಫಲಕವನ್ನೂ ಯಂತ್ರವನ್ನೂ ಲಾರಿಗೆ ಹೇರಿಕೊಂಡು ಹೋದರು.

ಆಮೇಲೆ ಪಂಚಾಯತಿಗೆ ವರದಿ ಬಂತು. ಝೈನಬಕ್ಕನ ಒತ್ತಾಯಕ್ಕೆ ಕಜೆಟನ್ ಅಲ್ಲೇ ಅದನ್ನು ಓದಿ ಹೇಳಿದ.

"ಮಳೆಗಾಲದಲ್ಲಿ ಬಿಸಿಲಿನ ಮನೆಗಳಲ್ಲಿ ಒಂದು ದಿನವೂ ದೀಪ ಉರಿಯಲಿಲ್ಲವಂತೆ, ಗಾಳಿಯಂತ್ರದ ಅರ್ಧ ಕರೆಂಟು ದಂಡವಂತೆ. ಹಾಗಾಗಿ ಎರಡೂ ಯೋಜನೆ ಬಂದ್ ಅಂತೆ."

"ಅಲ್ಲ ಪೊರ್ಬುಗಳೇ, ಅದೇ ದೀಪದ ಕೆಳಗೆ ಕೂತು ನಾನು ಬೀಡಿ ಕಟ್ಟಿದ್ದು!"

"ಹೌದು ಝೈನಬಕ್ಕ," ಕಜೆಟನ್ ಕಾಗದವನ್ನು ಮೇಜಿಗೆ ಬಡಿದ, "ಆದರೆ ಆ ಬೆಳಕಿಗೆ ಫೈಲು ಇರಲಿಲ್ಲ."