ಖಾಲಿ ಗೋಲಿಗೆ ಎರಡು ಅಂಕ

ತಾನು ಬರೆಯುವ ಏಳರ ಅಂಕಿ ಬೇರೆ ಥರ ಇದೆಯೆಂದು ಯಾರಾದರೂ ಗಮನಿಸಿಬಿಟ್ಟರೆ? ಉಮ್ಮೆ ಕುಲ್ಸುಮ್‌ಳ ಡೈರಿಯಲ್ಲಿ ಈ ವಾರದ ಮೊದಲ ಸಾಲು ಇದು. ಅವಳು ಏಳರ ಸೊಂಟಕ್ಕೆ ಒಂದು ಅಡ್ಡಗೆರೆ ಎಳೆಯುತ್ತಾಳೆ, ಅವಳ ಉಪ್ಪ ಇದಿನಬ್ಬ ಎಳೆಯುವುದಿಲ್ಲ. ಕೊಲ್ಲಿ ದೇಶದ ದಮ್ಮಾಮ್ ಸುತ್ತಿನ ಆರು ಹೈಸ್ಕೂಲುಗಳ ಫುಟ್‌ಬಾಲ್ ಲೀಗಿನ ಅಂಕಪಟ್ಟಿ ಮೂರು ವರ್ಷಗಳಿಂದ ಇದಿನಬ್ಬರ ಹೆಸರಿನಲ್ಲಿ ಹೊರಡುತ್ತಿದೆ. ಬರೆಯುವ ಕೈ ಮಾತ್ರ ಮಗಳದ್ದು. "ಗೆರೆಯಿಲ್ಲದೆ ಬರೆದು ನೋಡಿದೆ. ಅದು ಒಂದರ ಹಾಗೆ ಕಂಡಿತು. ಮತ್ತೆ ಎಳೆದೆ" ಎಂದು ಆ ಸಾಲಿನ ಕೆಳಗೆ ಬರೆದಿದ್ದಾಳೆ.

ಇವತ್ತು ಶುಕ್ರವಾರ, ಬೆಳಗಿನ ಆರೂವರೆ. ಜನವರಿಯ ಮಂಜು ಸಮುದ್ರದ ಕಡೆಯಿಂದ ಬಂದು ಮರಳಿನ ಮೈದಾನದ ಮೇಲೆ ಕೂತಿದೆ. ಅಂಚಿನಲ್ಲಿ ನಿಂತ ಡಾಟ್ಸನ್ ಪಿಕಪ್‌ನ ಮುಂದಿನ ಸೀಟೇ ಕುಲ್ಸುಮ್‌ಳ ಕಚೇರಿ. ಹುಡುಗರ ಆಟದ ಬಳಿ ಹೆಂಗಸರು ಇಳಿದು ನಿಲ್ಲುವಂತಿಲ್ಲ. ಗಾಜು ಏರಿಸಿಕೊಂಡು ಗಾಡಿಯಲ್ಲಿ ಕೂತರೆ ಯಾರೂ ಕೇಳುವುದಿಲ್ಲ. ಮಡಿಲಲ್ಲಿ ಉದ್ದನೆಯ ರಿಜಿಸ್ಟರು, ಎರಡು ಪೆನ್ಸಿಲು, ಉಸಿರಿಗೆ ಮಬ್ಬಾಗುವ ಗಾಜು ಒರೆಸಲು ಒಂದು ಹಳೆಯ ಬಟ್ಟೆ.

ಮಂಜಿನೊಳಗಿಂದ ಡಬ್ಬಿ ಕುಲುಕುವ ಸದ್ದು ಬರುತ್ತದೆ. ಮೂಲ್ಕಿ ಕಡೆಯ ಸೇಸಪ್ಪ ಸುಣ್ಣದ ಗೆರೆ ಹಾಕುತ್ತಿದ್ದಾರೆ. ವಾರದ ದಿನಗಳಲ್ಲಿ ಅವರು ಎಣ್ಣೆ ಕಂಪನಿಯ ಟ್ಯಾಂಕುಗಳಿಗೆ ಬಣ್ಣ ಬಳಿಯುವವರು. ಶುಕ್ರವಾರ ಈ ಮೈದಾನ ಅವರದ್ದು. ಮರಳನ್ನು ಹಲುಬೆಯಿಂದ ಎಳೆದು ಹಾಳೆಯಷ್ಟು ನಯ ಮಾಡಿ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿ ಹಿಡಿದು ಹಿಂದಕ್ಕೆ ನಡೆಯುತ್ತಾ ಹೋಗುತ್ತಾರೆ. ಮನುಷ್ಯ ಕಾಣುವುದಿಲ್ಲ. ಬಿಳಿ ಗೆರೆ ತಾನೇ ತಾನಾಗಿ ಉದ್ದವಾಗುತ್ತಾ ಬರುತ್ತದೆ.

ಗೆರೆ ಮುಗಿಸಿ ಗಾಡಿಯ ಬಳಿ ಬಂದ ಸೇಸಪ್ಪ ಎರಡು ಬೆರಳಲ್ಲಿ ಗಾಜು ತಟ್ಟುತ್ತಾರೆ. ಅವಳು ಒಂದಂಗುಲ ಇಳಿಸುತ್ತಾಳೆ.

"ಆಚೆ ಬದಿಯ ಮರಳನ್ನು ಎರಡು ಸಲ ಎಳೆದಿದ್ದೇನೆ ಮಗಾ. ಒಂದು ಕಾಗೆ ಕೂತರೂ ಗೊತ್ತಾಗಬೇಕು, ಹಾಗೆ."

"ಇವತ್ತೂ ಆ ಗುರುತು ಬರ್ತದೆ ಅಂತೀರಾ ಸೇಸಪ್ಪಣ್ಣ?"

"ನಾನು ಎಂತ ಹೇಳುದಿಲ್ಲಪ್ಪ. ಹೇಳಿದ್ರೆ ನಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ನನ್ನ ಹಾಸಿಗೆ ಹತ್ತಿರ ಯಾರೂ ಮಲಗುದಿಲ್ಲ."

ಕುಲ್ಸುಮ್‌ಗೆ ಇಪ್ಪತ್ತಮೂರು. ಮಂಗಳೂರಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಉಮ್ಮ ಜಮೀಲಮ್ಮನ ಜೊತೆ ಇಲ್ಲಿಗೆ ಬಂದವಳು. ಇಲ್ಲಿ ಅವಳ ಡಿಗ್ರಿಗೆ ಕೆಲಸವಿಲ್ಲ, ಒಬ್ಬಳೇ ಹೊರಗೆ ಹೋಗುವುದಕ್ಕಿಲ್ಲ. ಹೈಸ್ಕೂಲು ಲೀಗಿನ ಕಾರ್ಯದರ್ಶಿಯಾದ ಉಪ್ಪ ಒಂದು ರಾತ್ರಿ ಅಂಕಗಳನ್ನು ಕೂಡಿಸಿ ಮೂರು ಸಲಕ್ಕೆ ಮೂರು ಉತ್ತರ ಬಂದಾಗ, ಕಾಗದವನ್ನು ಮೆಲ್ಲ ತನ್ನ ಕಡೆಗೆ ಎಳೆದುಕೊಂಡಳು. ಅಲ್ಲಿಂದ ಶುರು. ಆರು ತಂಡ, ಹದಿನೈದು ಪಂದ್ಯ. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಗೋಲು ಯಾವ ನಿಮಿಷದಲ್ಲಿ, ಹೊಡೆದದ್ದು ಯಾರು, ಯಾರಿಗೆ ಹಳದಿ ಚೀಟಿ, ಎಲ್ಲವೂ ರಿಜಿಸ್ಟರಿನಲ್ಲಿ. ವಾರಕ್ಕೊಮ್ಮೆ ಕಾರ್ಬನ್ ಇಟ್ಟು ಆರು ಪ್ರತಿ. ಒತ್ತಿ ಒತ್ತಿ ಅವಳ ನಡುಬೆರಳು ದಪ್ಪಗಾಗಿದೆ. "ಬೇರೆಯವರ ಮನೇಲಿ ಫುಟ್‌ಬಾಲ್ ಕಾಲಿನಲ್ಲಿ ಆಡ್ತಾರೆ, ನಮ್ಮ ಮನೇಲಿ ಪೆನ್ಸಿಲಿನಲ್ಲಿ" ಎಂದು ಜಮೀಲಮ್ಮ ನಗುತ್ತಾರೆ.

ಹುಡುಗರಿಗೆ ಅವಳು ಗೊತ್ತಿಲ್ಲ. ಅವಳಿಗೆ ಹುಡುಗರೆಲ್ಲ ಗೊತ್ತು. ಯಾರು ಎಡಗಾಲಿನವನು, ಯಾರು ಸೋತ ದಿನ ಬೂಟು ಎಸೆಯುತ್ತಾನೆ, ಯಾರು ಗೋಲು ಹೊಡೆದ ಮೇಲೆ ಪ್ರೇಕ್ಷಕರಲ್ಲಿ ತಂದೆಯನ್ನು ಹುಡುಕುತ್ತಾನೆ. "ನನಗೆ ದೊಡ್ಡ ಆಸೆ ಏನಿಲ್ಲ" ಎನ್ನುತ್ತಾಳೆ. "ಒಂದು ದಿನ ಆ ಸುಣ್ಣದ ಗೆರೆಯ ಹತ್ತಿರ ನಿಂತು ಒಂದು ಪಂದ್ಯ ನೋಡ್ಬೇಕು. ಗಾಜಿಲ್ಲದೆ."

ಈ ವರ್ಷ ಅವಳ ಪಟ್ಟಿಯಲ್ಲಿ ಒಂದು ಸಾಲು ಕೆಟ್ಟಿದೆ. ಹುಫೂಫ್ ರಸ್ತೆಯ ಒಂದು ಗುತ್ತಿಗೆ ಕಂಪನಿಯ ಕ್ಯಾಂಪಿನಲ್ಲಿ ಒಂದು ಶಾಲೆಯಿತ್ತು. ಎಣ್ಣೆಯ ಬೆಲೆ ಇಳಿಯಿತು, ಕಂಪನಿಗೆ ಹೊಸ ಗುತ್ತಿಗೆ ಸಿಗಲಿಲ್ಲ. ಡಿಸೆಂಬರಿನ ಒಂದೇ ವಾರದಲ್ಲಿ ಅಷ್ಟೂ ಸಂಸಾರಗಳನ್ನು ವಿಮಾನ ಹತ್ತಿಸಿದರು. ಕ್ಯಾಂಪ್ ಶಾಲೆಯ ತಂಡ ಅಷ್ಟರಲ್ಲಿ ಎರಡೇ ಪಂದ್ಯ ಆಡಿತ್ತು. ಒಂದರಲ್ಲಿ ಸೋತು, ಇನ್ನೊಂದರಲ್ಲಿ ಜುಬೈಲ್ ಶಾಲೆಯನ್ನು ಎರಡು-ಒಂದರಿಂದ ಸೋಲಿಸಿತ್ತು. ಉಳಿದ ಮೂರು ಪಂದ್ಯಗಳಿಗೆ ಎದುರಾಳಿಯೇ ಇಲ್ಲ.

ಖಾತ್ರಿ ಮಾಡಿಕೊಳ್ಳಲು ಇದಿನಬ್ಬ ಮಗಳನ್ನು ಕೂರಿಸಿಕೊಂಡು ಅಲ್ಲಿಗೆ ಹೋಗಿದ್ದರು. ಗೇಟು ತೆರೆದೇ ಇತ್ತು. ಹಗ್ಗದ ಮೇಲೆ ಒಂದು ಬಿಳಿ ಅಂಗಿ ಒಣಗಿ ಹಲಗೆಯಾಗಿತ್ತು. ತರಗತಿಯ ಕರಿಹಲಗೆಯಲ್ಲಿ ತಂಡಕ್ಕೆ ತರಬೇತಿ ಕೊಡುತ್ತಿದ್ದ ಕೋಯ ಮಾಸ್ತರರ ದುಂಡಗಿನ ಅಕ್ಷರದಲ್ಲಿ ಹನ್ನೊಂದು ಹೆಸರು. ಕೆಳಗೆ, "ಕೊನೆಯ ಪಂದ್ಯ ದಮ್ಮಾಮ್ ಎದುರು. ಎಲ್ಲರೂ ಬರಬೇಕು." ಎಲ್ಲರೂ ಅನ್ನುವುದರ ಕೆಳಗೆ ಎರಡು ಗೆರೆ. ಮನೆಗೆ ಬಂದು ರಿಜಿಸ್ಟರಿನಲ್ಲಿ ಆ ಹನ್ನೊಂದು ಹೆಸರುಗಳ ಮೇಲೆ ಪೆನ್ಸಿಲು ಇಟ್ಟ ಕುಲ್ಸುಮ್‌ಗೆ ಹೊಡೆದುಹಾಕಲು ಕೈ ಬರಲಿಲ್ಲ.

ಇನ್ನೊಂದು ವಿಷಯವನ್ನು ಅವಳು ಡೈರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಕೋಯ ಮಾಸ್ತರರು ತಮ್ಮ ಮೈದಾನದಲ್ಲಿ ಗುರುವಾರ ನಡೆದ ಪಂದ್ಯದ ಫಲಿತಾಂಶವನ್ನು ಶುಕ್ರವಾರ ನಸುಕಿನ ಸುಬಹ್ ನಮಾಝಿನ ನಂತರ ಫೋನಿನಲ್ಲಿ ತಿಳಿಸುತ್ತಿದ್ದರು. ಅವರು ಊರಿಗೆ ಹೋಗಿ ತಿಂಗಳಾಯಿತು. ಫೋನು ಈಗಲೂ ಅದೇ ಹೊತ್ತಿಗೆ ಹೊಡೆದುಕೊಳ್ಳುತ್ತದೆ. ಎತ್ತಿದರೆ ಮಾತಿಲ್ಲ. ದೂರದಲ್ಲಿ ಮರಳಿನ ಮೇಲೆ ಬಹಳ ಜನ ಓಡಿದಂಥ ಸದ್ದು. ಟೆಲಿಫೋನ್ ತಂತಿಯ ದೋಷವಿರಬೇಕು.

ಲೀಗಿನಲ್ಲಿ ಒಂದು ಪದ್ಧತಿಯಿದೆ. ಎದುರಾಳಿ ಬಾರದಿದ್ದರೆ ಮನೆಯಲ್ಲಿ ಕೂತು ಅಂಕ ತೆಗೆದುಕೊಳ್ಳುವ ಹಾಗಿಲ್ಲ. ಹಿಂದೊಮ್ಮೆ ಎರಡು ತಂಡಗಳು ಬೇರೆ ಬೇರೆ ಮೈದಾನಗಳಲ್ಲಿ ನಿಂತು ಇವರು ಬರಲಿಲ್ಲ, ಅವರು ಬರಲಿಲ್ಲ ಎಂದು ಜಗಳವಾಡಿದ್ದರಿಂದ ಬಂದ ಕ್ರಮ. ಬಂದ ತಂಡ ತನ್ನ ಅರ್ಧದಲ್ಲಿ ಸಾಲಾಗಿ ನಿಲ್ಲಬೇಕು. ರೆಫರಿ ಸೀಟಿ ಊದಿ ಹದಿನೈದು ನಿಮಿಷ ಕಾಯಬೇಕು. ಆಮೇಲೆ ನಾಯಕನೊಬ್ಬನೇ ಗೆರೆ ದಾಟಿ ಖಾಲಿ ಗೋಲಿಗೆ ಮೂರು ಸಲ ಚೆಂಡು ಹೊಡೆದು ಬರಬೇಕು. ಮೂರು-ಸೊನ್ನೆ, ಎರಡು ಅಂಕ.

ಕ್ಯಾಂಪ್ ಶಾಲೆಯ ಲೆಕ್ಕದಲ್ಲಿ ಹೀಗೆ ಎರಡು ಸಲ ಆಗಿದೆ. ಎರಡು ಸಲವೂ ಎಲ್ಲರೂ ಹೋದ ಮೇಲೆ ಸೇಸಪ್ಪ ಖಾಲಿ ಗೋಲಿನ ಬಾಯಲ್ಲಿ ಮರಳು ತುಳಿದದ್ದನ್ನು ಕಂಡಿದ್ದಾರೆ. "ನಾಯಕನ ಹೆಜ್ಜೆ ಬಂದದ್ದು, ಹೋದದ್ದು, ಎರಡೂ ಸಪೂರ ಗೆರೆ ಹಾಗೆ ಉಂಟು. ಇದು ಬೇರೆ. ಗೋಲ್‌ಕೀಪರ್ ನಿಂತಲ್ಲೇ ಆಚೆ ಈಚೆ ಸರಿದ ಹಾಗೆ."

ಇವತ್ತು ಮೂರನೆಯದು, ಲೀಗಿನ ಕೊನೆಯದು. ದಮ್ಮಾಮ್ ಶಾಲೆಯ ಸರದಿ. ಸೆಮಿಫೈನಲ್ಲಿಗೆ ನಾಲ್ಕು ತಂಡ. ಮೂರು ಆಗಲೇ ಖಚಿತ. ನಾಲ್ಕನೆಯ ಜಾಗಕ್ಕೆ ಜುಬೈಲ್ ಮತ್ತು ದಮ್ಮಾಮ್. ಜುಬೈಲಿಗೆ ಮೂರು ಅಂಕ, ಆಟ ಮುಗಿದಿದೆ. ದಮ್ಮಾಮಿಗೆ ಎರಡು. ಈ ಖಾಲಿ ಗೋಲಿನ ಎರಡು ಸೇರಿದರೆ ನಾಲ್ಕು.

ದಮ್ಮಾಮ್ ತಂಡವನ್ನು ಕಟ್ಟಿದವರು ಇದಿನಬ್ಬ. ಅದು ಒಮ್ಮೆಯೂ ಸೆಮಿಫೈನಲ್ ಕಂಡಿಲ್ಲ. ಇಲ್ಲಿ ಉಳಿಯಲು ಅವರಿಗಿರುವ ಪರವಾನಗಿ, ಇಕಾಮಾ, ಮಾರ್ಚಿಗೆ ಮುಗಿಯುತ್ತದೆ, ನವೀಕರಿಸುವುದಿಲ್ಲ ಎಂದು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಹೇಳಿಯಾಗಿದೆ. ಇವತ್ತು ಬರುವಾಗ ಸ್ಟಿಯರಿಂಗ್ ಹಿಡಿದುಕೊಂಡೇ, "ಹೋಗುವ ಮೊದಲು ಒಮ್ಮೆ ನಮ್ಮವರನ್ನು ಸೆಮಿಯಲ್ಲಿ ನೋಡಿದ್ರೆ ಸಾಕು ಮಗಳೇ" ಎಂದಿದ್ದಾರೆ. ಕುಲ್ಸುಮ್ ಬಟ್ಟೆಯಿಂದ ಗಾಜು ಒರೆಸಿದಳು, ಅದು ಮಬ್ಬಾಗದಿದ್ದರೂ.

ಏಕೆಂದರೆ ಡೈರಿಯ ನಾಲ್ಕು ಪುಟಗಳಲ್ಲಿ ಅವಳು ಬೇರೆಯದನ್ನೇ ಬರೆದಿದ್ದಾಳೆ. ನಾಲ್ಕು ತಂಡಗಳನ್ನು ಆರಿಸಬೇಕಾದರೆ ಎಲ್ಲರೂ ಒಂದೇ ಎದುರಾಳಿಗಳನ್ನು ಎದುರಿಸಿರಬೇಕು. ಒಂದು ದಿನ ಬಸ್ಸು ಕೆಟ್ಟು ಬಾರದ ತಂಡದ ಮಾತು ಬೇರೆ, ನಡುವೆ ಇಲ್ಲವಾಗಿಬಿಟ್ಟ ತಂಡದ ಮಾತು ಬೇರೆ. ಜುಬೈಲಿನವರು ಆ ಹನ್ನೊಂದು ಹುಡುಗರ ಜೊತೆ ತೊಂಬತ್ತು ನಿಮಿಷ ಓಡಿ ಸೋತರು, ಸೊನ್ನೆ ಅಂಕ. ದಮ್ಮಾಮಿನವರು ನಿಂತಲ್ಲೇ ನಿಂತರು, ಎರಡು ಅಂಕ. ಲೀಗು ಮುಗಿಸದ ತಂಡದ ಪಂದ್ಯಗಳನ್ನು, ಗೆದ್ದದ್ದು, ಸೋತದ್ದು, ಬಾರದ್ದು ಎಲ್ಲವನ್ನೂ ಪಟ್ಟಿಯಿಂದ ಬಿಡಬೇಕು. ಬಿಟ್ಟರೆ ಜುಬೈಲಿಗೆ ಮೂರು, ದಮ್ಮಾಮಿಗೆ ಎರಡು. ಕೊನೆಯಲ್ಲಿ ಬರೆದ ಸಾಲು, "ಉಪ್ಪನಿಗೆ ಹೇಗೆ ಹೇಳಲಿ?"

ಏಳು ಗಂಟೆಗೆ ಸೀಟಿ ಬೀಳುತ್ತದೆ. ಕೆಂಪು ಅಂಗಿಯ ಹುಡುಗರು ತಮ್ಮ ಅರ್ಧದಲ್ಲಿ ನಿಂತಿದ್ದಾರೆ. ಒಬ್ಬನೂ ನಡುಗೆರೆಯ ಹತ್ತಿರ ನಿಂತಿಲ್ಲ. ಆಚೆ ಬದಿಯಲ್ಲಿ ಮಂಜು ಸ್ವಲ್ಪ ದಪ್ಪ. ಕುಲ್ಸುಮ್ ಅಭ್ಯಾಸದಂತೆ ತಲೆ ಎಣಿಸುತ್ತಾಳೆ, ಪಂದ್ಯ ಶುರುವಾದಾಗ ಅವಳು ಮೊದಲು ಮಾಡುವ ಕೆಲಸ ಅದು. ಪೆನ್ಸಿಲಿನ ತುದಿಯನ್ನು ಗಾಜಿಗೆ ಮುಟ್ಟಿಸುತ್ತಾ ಎಡದಿಂದ ಬಲಕ್ಕೆ.

ಇಪ್ಪತ್ತೆರಡು.

ಗಾಜು ಒರೆಸಿ ಮತ್ತೆ ಎಣಿಸುತ್ತಾಳೆ. ಹನ್ನೊಂದು. ಹೊರಗೆ ಗಾಳಿಯಿಲ್ಲ, ದೂರದ ಗೋಲಿನ ಬಲೆ ಮಾತ್ರ ಒಮ್ಮೆ ಉಬ್ಬಿ ಇಳಿಯುತ್ತದೆ. ಹದಿನೈದು ನಿಮಿಷ ಮುಗಿದು ನಾಯಕ ಗೆರೆ ದಾಟುತ್ತಾನೆ, ಯಾರನ್ನೋ ತಪ್ಪಿಸಿಕೊಂಡು ಹೋಗುವವನಂತೆ ನೇರವಾಗಿ ಓಡದೆ ಬಳಸಿಕೊಂಡು ಓಡುತ್ತಾನೆ. ಎರಡು ಸಲ ಚೆಂಡು ಬಲೆ ಸೇರುತ್ತದೆ. ಮೂರನೆಯದು ಕಂಬದ ಪಕ್ಕಕ್ಕೆ ಸರಿದು ಹೊರಗೆ ಹೋಗುತ್ತದೆ. ಖಾಲಿ ಗೋಲು, ಹತ್ತು ಹೆಜ್ಜೆ ದೂರ. ಅವನು ಇನ್ನೊಮ್ಮೆ ಹೊಡೆದು, ತಿರುಗಿ ನೋಡದೆ ಓಡಿ ಬರುತ್ತಾನೆ.

ಪಿಕಪ್ಪಿನ ಮುಂದೆ ಮೂರು ಜನ ಸೇರುತ್ತಾರೆ. ಲೀಗಿನ ಅಧ್ಯಕ್ಷ ಉಳ್ಳಾಲದ ಅಬ್ದುಲ್ ಅಝೀಝ್, ಜುಬೈಲ್ ತಂಡದ ಮಾಸ್ತರ ಅಲಿಯಬ್ಬ, ಮತ್ತು ಇದಿನಬ್ಬ. ಸುಣ್ಣದ ಕೈ ಒರೆಸುತ್ತಾ ಸೇಸಪ್ಪ ಸ್ವಲ್ಪ ದೂರ ನಿಲ್ಲುತ್ತಾರೆ.

"ಎಂತ ಅಲಿಯಬ್ಬ, ಮುಖ ಹುಳಿ ಹಿಂಡಿದ ಹಾಗೆ ಉಂಟಲ್ಲ" ಎಂದು ಅಝೀಝ್ ನಗುತ್ತಾರೆ. "ಕಾನೂನು ಕಾನೂನೇ ಮಾರಾಯ. ಎರಡು ಅಂಕ ಅಂದ್ರೆ ಎರಡೇ."

"ತಗೊಳ್ಳಿ, ತಗೊಳ್ಳಿ" ಎನ್ನುತ್ತಾರೆ ಅಲಿಯಬ್ಬ. "ನಾವು ಸೋತದ್ದಾದ್ರೂ ಉಸಿರಾಡುವವರ ಎದುರು."

"ಯಲ್ಲಾ, ಬೇಗ ಇದಿನಬ್ಬಾಕ, ಪಟ್ಟಿ ತನ್ನಿ. ಓದಿ ಮುಗಿಸುವ, ಜುಮಾ ನಮಾಝಿನ ಮೊದಲು ಅಲಿಯಬ್ಬ ಜುಬೈಲ್ ಮುಟ್ಬೇಕಲ್ಲ."

ಇದಿನಬ್ಬ ಗಾಜಿನ ಬಳಿ ಬಂದು ಕೈ ಚಾಚುತ್ತಾರೆ. ಕುಲ್ಸುಮ್ ರಿಜಿಸ್ಟರನ್ನು ಕೊಡುವುದಿಲ್ಲ, ತೆರೆದು ಗಾಜಿಗೆ ಹಿಡಿಯುತ್ತಾಳೆ. ಪಟ್ಟಿಯಲ್ಲಿ ಐದೇ ಸಾಲು. ನಾಲ್ಕನೆಯದು ಜುಬೈಲ್, ಮೂರು. ಐದನೆಯದು ದಮ್ಮಾಮ್, ಎರಡು. ಕೆಳಗೆ ಸ್ವಲ್ಪ ಜಾಗ ಬಿಟ್ಟು ಹನ್ನೊಂದು ಹೆಸರು, ಒಂದಕ್ಕೂ ಗೆರೆ ಹೊಡೆದಿಲ್ಲ.

ಇದಿನಬ್ಬ ಬಹಳ ಹೊತ್ತು ಓದುತ್ತಾರೆ. ಓದಿದ್ದನ್ನೇ ಮತ್ತೆ ಓದುತ್ತಾರೆ. ಅವರ ಚಾಚಿದ ಕೈ ಮೆಲ್ಲನೆ ಇಳಿಯುತ್ತದೆ. ಮೈದಾನದ ಕಡೆ ನೋಡುತ್ತಾರೆ.

"ಎಂತಾಯ್ತು? ನೀವು ಬರೆದದ್ದು ನಿಮಗೇ ಓದ್ಲಿಕ್ಕೆ ಆಗುದಿಲ್ವಾ?" ಅಝೀಝ್ ಬಾನೆಟ್ ತಟ್ಟುತ್ತಾರೆ.

"ನಾನು ಬರೆದದ್ದಲ್ಲ ಅಝೀಝ್. ಯಾವತ್ತೂ ನಾನು ಬರೆದದ್ದಲ್ಲ" ಎನ್ನುತ್ತಾರೆ ಇದಿನಬ್ಬ. ಮತ್ತೆ ಗಾಜಿಗೆ ಬಾಗಿ, "ಬರೆದವಳು ನೀನು. ನೀನೇ ಹೇಳು ಮಗಳೇ."

ಅಷ್ಟರಲ್ಲಿ ಖಾಲಿ ಗೋಲಿನ ಕಡೆಗೆ ಹೋದ ಸೇಸಪ್ಪ ಅಲ್ಲೇ ಬಗ್ಗಿ ನೋಡಿ, ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಾರೆ. ಮರಳಿನಲ್ಲಿ ಅವರು ಕಂಡದ್ದನ್ನು ಕುಲ್ಸುಮ್ ಇಲ್ಲಿಂದ ಕಾಣಲಾರಳು. ಅವಳ ಕೈ ಗಾಜಿನ ಹಿಡಿಯನ್ನು ತಿರುಗಿಸುತ್ತದೆ. ಒಂದಂಗುಲ. ಎರಡು. ಪೂರ್ತಿ. ಮಂಜು ತಣ್ಣಗೆ ಒಳಗೆ ಬರುತ್ತದೆ, ಮೂರು ವರ್ಷದಲ್ಲಿ ಮೊದಲ ಸಲ ಗಾಜಿಲ್ಲದ ಮೈದಾನ ಅವಳ ಕಣ್ಣಿಗೆ ಬೀಳುತ್ತದೆ.

"ಅಝೀಝಾಕ," ಎನ್ನುತ್ತಾಳೆ. ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿದೆ. ಆಚೆ ತುದಿಯಲ್ಲಿ ನಿಂತವರಿಗೂ ಕೇಳುವಷ್ಟು. "ನಮ್ಮವರು ಇವತ್ತು ಯಾರನ್ನೂ ಗೆಲ್ಲಲಿಲ್ಲ."